ಅಕ್ಕನ ಹೆರಿಗೆ ನೋಡಿದ ಮೇಲೆ ಸೂಲಗಿತ್ತಿ ಆಗಬೇಕು ಅನ್ನಿಸುತ್ತಿದೆ. ಇದು ನಿಜವಾದ ಸೆಳೆತವಾ, ಬರೀ ಆವೇಶವಾ?

ಎಳೆಬಿಸಿಲು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನನಗೀಗ 33 ವರ್ಷ. ಹತ್ತು ವರ್ಷದಿಂದ ಲೆಕ್ಕಪತ್ರದ ಕೆಲಸದಲ್ಲಿದ್ದೇನೆ. ಎಂಟು ತಿಂಗಳ ಹಿಂದೆ ಅಕ್ಕನ ಹೆರಿಗೆಯಲ್ಲಿ ಹದಿನಾಲ್ಕು ಗಂಟೆ ಅವಳ ಜೊತೆಗಿದ್ದೆ. ಅಲ್ಲಿ ಒಬ್ಬರು ಮಿಡ್‌ವೈಫ್, ಅಂದರೆ ತರಬೇತಿ ಪಡೆದ ಸೂಲಗಿತ್ತಿ ಇದ್ದರು. ಮೊದಮೊದಲು ಅವರು ಏನೂ ಮಾಡುತ್ತಿಲ್ಲ ಅಂತ ನನಗೆ ಸಿಟ್ಟೇ ಬಂದಿತ್ತು. ಅಕ್ಕನ ಸೊಂಟದ ಮೇಲೆ ಒಂದು ಅಂಗೈ ಇಟ್ಟುಕೊಂಡು ಕೂತಿದ್ದರು. ನೋವು ಬಂದಾಗ ಒತ್ತುತ್ತಿದ್ದರು, ಹೋದಾಗ ಬಿಡುತ್ತಿದ್ದರು. ಆಗಾಗ ಹೊಟ್ಟೆಯ ಮೇಲೆ ಡಾಪ್ಲರ್ ಇಟ್ಟು ಮಗುವಿನ ಎದೆಬಡಿತ ಕೇಳಿ, ಎದೆಗೆ ಸಿಕ್ಕಿಸಿಕೊಂಡ ಗಡಿಯಾರ ನೋಡಿ ಏನೋ ಬರೆದುಕೊಳ್ಳುತ್ತಿದ್ದರು. ಅಷ್ಟೇ.

ರಾತ್ರಿ ಮೂರರ ಹೊತ್ತಿಗೆ ಅಕ್ಕ "ನನ್ನ ಕೈಲಾಗಲ್ಲ, ಸಾಕು, ಮನೆಗೆ ಹೋಗ್ತೀನಿ" ಅಂತ ಕಿರುಚಿದಳು. ನಾನು ಹೆದರಿ ಯಾರನ್ನಾದರೂ ಕರೆಯೋಣ ಅಂತ ಬಾಗಿಲ ಕಡೆ ಓಡಿದೆ. ಅವರು ಮಾತ್ರ ಕೂತಲ್ಲಿಂದ ಏಳಲಿಲ್ಲ. ಅಕ್ಕನ ಮುಖದ ಹತ್ತಿರ ಮುಖ ತಂದು, ಮೆಲ್ಲಗೆ, "ಹತ್ತಿರ ಬಂದುಬಿಟ್ಟಿದ್ದೀಯಮ್ಮ, ಅದಕ್ಕೇ ಹೀಗನ್ನಿಸ್ತಿದೆ" ಅಂದರು. ಅಕ್ಕ ಅವರ ಕಣ್ಣನ್ನೇ ನೋಡುತ್ತಾ ಉಸಿರು ಎಳೆದುಕೊಂಡಳು. ಮುಕ್ಕಾಲು ಗಂಟೆಗೆ ಮಗು ಅಕ್ಕನ ಎದೆ ಮೇಲಿತ್ತು.

ಅವತ್ತಿನಿಂದ ನನಗೆ ಬೇರೆ ಯೋಚನೆಯೇ ಇಲ್ಲ. ಸಿಕ್ಕಿದ್ದೆಲ್ಲ ಓದುತ್ತಿದ್ದೇನೆ. ಆ ಕೆಲಸ ಕಲಿಯಬೇಕು ಅನ್ನಿಸುತ್ತದೆ. ಮನೆಯವರು "ಎರಡು ತಿಂಗಳಿಗೆ ಇಳಿಯುತ್ತೆ ಬಿಡು" ಅಂದಿದ್ದರು, ಎಂಟಾಯಿತು, ಇಳಿದಿಲ್ಲ. ನನಗೆ ಮದುವೆಯಾಗಿಲ್ಲ, ಮಕ್ಕಳಿಲ್ಲ. ಈ ವಯಸ್ಸಿನಲ್ಲಿ ಶುರು ಮಾಡಬಹುದಾ? ಇದು ನಿಜಕ್ಕೂ ನನ್ನ ದಾರಿಯಾ ಅಂತ ತಿಳಿದುಕೊಳ್ಳುವುದು ಹೇಗೆ? ಈ ಕೆಲಸ ಮಾಡುತ್ತಿರುವವರು, ಮಾಡಿ ಬಿಟ್ಟವರು, ಯಾರಾದರೂ ಹೇಳಿ.

ಎರಡುಮಕ್ಕಳಮ್ಮ

ನನ್ನ ಮೊದಲನೇ ಹೆರಿಗೆಯಲ್ಲಿ ಇದ್ದ ಮಿಡ್‌ವೈಫ್ ಮುಖ ನೆನಪಿಲ್ಲ. ಆ ಕೈ ನೆನಪಿದೆ. ಬೆಚ್ಚಗಿತ್ತು. ಹನ್ನೆರಡು ವರ್ಷ ಆಯಿತು.

ರಾತ್ರಿಪಾಳಿ

ಎಳೆಬಿಸಿಲು ಅವರೇ, ನಾನು 19 ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಒಂದೇ ಒಂದು ಪ್ರಶ್ನೆ ಕೇಳುತ್ತೇನೆ, ಈಗಲೇ ಉತ್ತರ ಕೊಡಬೇಕೆಂದೇನಿಲ್ಲ. ಈ ಎಂಟು ತಿಂಗಳಲ್ಲಿ ನಿಮಗೆ ಪದೇ ಪದೇ ನೆನಪಾಗುವುದು ಯಾವ ಗಳಿಗೆ? ಮಗು ಹೊರಗೆ ಬಂದ ಗಳಿಗೆಯಾ, ಇಲ್ಲಾ ಅದಕ್ಕೂ ಮುಂಚಿನ ಆ ರಾತ್ರಿಯಾ?

ಯಾಕೆ ಕೇಳಿದೆ ಅಂದರೆ, ಮಗು ಹುಟ್ಟುವುದನ್ನು ಕಣ್ಣಾರೆ ನೋಡಿದರೆ ಯಾರಿಗಾದರೂ ಗಂಟಲು ಕಟ್ಟುತ್ತದೆ. ಹಾಗಂತ ಎಲ್ಲರಿಗೂ ಈ ಕೆಲಸ ಒಗ್ಗುವುದಿಲ್ಲ. "ನನಗೆ ಪುಟ್ಟ ಮಕ್ಕಳೆಂದರೆ ಪ್ರಾಣ" ಅಂತ ಬಂದವರು ಮೊದಲ ವರ್ಷವೇ ಬಿಟ್ಟು ಹೋದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮಗು ನಮ್ಮ ಕೈಯಲ್ಲಿರುವುದು ಎಷ್ಟು ಹೊತ್ತು ಹೇಳಿ. ಅದು ಅಳುತ್ತಿದ್ದರೆ ನೇರ ತಾಯಿಯ ಎದೆಗೆ ಹೋಗುತ್ತದೆ. ಮಿಕ್ಕ ಹೊತ್ತೆಲ್ಲ ತಾಯಿಯ ಜೊತೆಗಿನ ಕೆಲಸ. ಅದರಲ್ಲೂ ಕಾಯುವ ಕೆಲಸವೇ ಜಾಸ್ತಿ.

ಕಾಯುವುದು ಅಂದರೆ ಸುಮ್ನೆ ಕೂತಿರುವುದಲ್ಲ. ನಿಮ್ಮ ಕಣ್ಣಿಗೆ ಏನೂ ಮಾಡದೆ ಕೂತಂತೆ ಕಂಡ ಆಕೆ ಆ ಹೊತ್ತಿನಲ್ಲಿ ಏನೇನು ಗಮನಿಸುತ್ತಿದ್ದರು ಗೊತ್ತಾ? ಮಗುವಿನ ಎದೆಬಡಿತ ನಿಮಿಷಕ್ಕೆ 110ರಿಂದ 160ರ ಒಳಗಿದೆಯಾ, ನೋವು ಇಳಿದ ಮೇಲೂ ಬಡಿತ ಕೆಳಗೇ ಉಳಿದಿದೆಯಾ, ಹತ್ತು ನಿಮಿಷಕ್ಕೆ ಎಷ್ಟು ನೋವು, ಒಂದೊಂದೂ ಎಷ್ಟು ಸೆಕೆಂಡು, ತಾಯಿಯ ನಾಡಿ ಏರುತ್ತಿದೆಯಾ, ಅವಳ ದನಿ ಯಾವಾಗ ಗಂಟಲಿನಿಂದ ಹೊಟ್ಟೆಗೆ ಇಳಿಯಿತು, ಕಾಲ್ಬೆರಳು ಯಾವಾಗ ಮಡಚಿದಳು. ಎಲ್ಲವೂ ಸರಿಯಿದ್ದರೆ ಕೈ ಸುಮ್ಮನಿರಬೇಕು. ಒಂದು ಸರಿಯಿಲ್ಲದಿದ್ದರೂ ಎದ್ದು ನಿಲ್ಲಬೇಕು. ಈ ಎರಡರ ಮಧ್ಯೆ ಕೂರುವುದು ನನಗೆ ಬರಲು ಏಳೆಂಟು ವರ್ಷ ಹಿಡಿಯಿತು.

ನಿಮ್ಮ ಅಕ್ಕ "ಕೈಲಾಗಲ್ಲ" ಅಂದರಲ್ಲ, ಗರ್ಭಕೋಶದ ಬಾಯಿ 8 ಸೆಂಟಿಮೀಟರ್ ದಾಟಿ 10ಕ್ಕೆ ಹೋಗುವ ಹೊತ್ತಿನಲ್ಲಿ ಬಹಳ ಹೆಂಗಸರು ಅದನ್ನೇ ಅನ್ನುತ್ತಾರೆ. ನಡುಕ, ವಾಂತಿ, ಸಿಟ್ಟು, ಮನೆಗೆ ಹೋಗುತ್ತೇನೆ ಅನ್ನುವುದು. ಆ ಮಾತು ಕೇಳಿದರೆ ನಮಗೆ ಒಳಗೊಳಗೇ ಸಮಾಧಾನ. ಹತ್ತಿರ ಬಂತು ಅಂತ ಅರ್ಥ.

ಸ್ಟೆತೋ

ನಾನು ಪ್ರಸೂತಿ ವೈದ್ಯ. ರಾತ್ರಿಪಾಳಿ ಮೇಡಂ ಹೇಳಿದ್ದೆಲ್ಲ ಸರಿ. ಆದರೆ ಇಲ್ಲಿ ಎಲ್ಲರೂ ಕೈ, ಕಣ್ಣು, ಉಸಿರು ಅಂತ ಮಾತಾಡುವಾಗ ರಕ್ತದ ಮಾತನ್ನೂ ಯಾರಾದರೂ ಆಡಬೇಕು.

ತುಂಬು ತಿಂಗಳಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಹೆರಿಗೆಯಾದ ಮೇಲೆ ಗರ್ಭಕೋಶ ಬಿಗಿಯಾಗಿ ಮುದುಡಿಕೊಂಡು ಆ ರಕ್ತನಾಳಗಳನ್ನು ಹಿಚುಕಿ ಮುಚ್ಚಬೇಕು. ಮುದುಡದೆ ಮೆತ್ತಗೆ ಉಳಿದರೆ ಏನಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ, ಲೆಕ್ಕಪತ್ರದವರಲ್ವಾ ನೀವು. ಎಲ್ಲ ನೆಟ್ಟಗಿದ್ದ ಹೆರಿಗೆ, ನಗುತ್ತಿದ್ದ ತಾಯಿ, ಐದೇ ನಿಮಿಷದಲ್ಲಿ ಮುಖ ಬಿಳಿಚಿಕೊಂಡು "ಕಣ್ಣು ಮಂಜಾಗ್ತಿದೆ" ಅಂದದ್ದನ್ನು ನಾನು ನೋಡಿದ್ದೇನೆ. ಆಗ ಸೊಂಟ ನೀವಿದ ಕೈ ಸಾಲದು. ಹೊಟ್ಟೆ ಒತ್ತಿ ಗರ್ಭಕೋಶ ಹುಡುಕಿ ಉಜ್ಜುವ ಕೈ ಬೇಕು, ಇನ್ನೊಬ್ಬರು ಗರ್ಭಕೋಶ ಮುದುಡಿಸುವ ಆಕ್ಸಿಟೋಸಿನ್ ಔಷಧಿ ಕೊಡಬೇಕು, ಮತ್ತೊಬ್ಬರು ಸಹಾಯಕ್ಕೆ ಕೂಗಬೇಕು.

ಸೆಳೆತ ಇದ್ದರೆ ಬನ್ನಿ, ನಿಮ್ಮಂಥವರು ಬೇಕು. ಆದರೆ ಅರ್ಧಂಬರ್ಧ ಕಲಿತು ಬರಬೇಡಿ. ಅದನ್ನೇ ಹೇಳಬೇಕಾಗಿತ್ತು.

ರಾತ್ರಿಪಾಳಿ

ಡಾಕ್ಟ್ರೇ, ನೂರಕ್ಕೆ ನೂರು ಒಪ್ಪುತ್ತೇನೆ. ಹೊಸಬರಿಗೆ ನಾನು ಮೊದಲು ಕಲಿಸುವುದೇ ಅದು. ಹೆರಿಗೆಯಾದ ಮೇಲೆ ಹೊಕ್ಕುಳ ಮಟ್ಟದಲ್ಲಿ ಗರ್ಭಕೋಶ ಕೈಗೆ ಗಟ್ಟಿ ಚೆಂಡಿನ ಹಾಗೆ ಸಿಗಬೇಕು. ಸಿಗಲಿಲ್ಲ ಅಂದರೆ ಬೇರೆ ಎಲ್ಲ ಕೆಲಸ ಪಕ್ಕಕ್ಕೆ. ಮಗು ಹುಟ್ಟಿದ ಕೂಡಲೇ ತಾಯಿಗೆ ಆಕ್ಸಿಟೋಸಿನ್ 10 ಯೂನಿಟ್ ಕೊಡುವುದು ಇದಕ್ಕೇ.

ಇನ್ನೊಂದು ಸೇರಿಸುತ್ತೇನೆ. ಕಣ್ಣಳತೆಯಲ್ಲಿ ರಕ್ತ ಅಂದಾಜು ಮಾಡಿದರೆ ನಾವೆಲ್ಲ ಕಡಿಮೆಯೇ ಹೇಳುತ್ತೇವೆ, ಎಷ್ಟು ವರ್ಷದ ಅನುಭವ ಇದ್ದರೂ. ಅದಕ್ಕೇ ಅಳತೆ ಗುರುತು ಇರುವ ಪ್ಲಾಸ್ಟಿಕ್ ಹಾಳೆಯನ್ನು ತಾಯಿಯ ಕೆಳಗೆ ಹಾಸುವುದು. 2023ರಲ್ಲಿ ಪ್ರಕಟವಾದ ಈ-ಮೋಟಿವ್ ಅಧ್ಯಯನದಲ್ಲಿ, ಆ ಹಾಳೆಯಿಂದ ಬೇಗ ಗುರುತಿಸಿ, ಉಜ್ಜುವುದು, ಔಷಧಿ, ಡ್ರಿಪ್ ಎಲ್ಲವನ್ನೂ ಒಂದರ ಹಿಂದೊಂದು ಅಂತಲ್ಲದೆ ಒಟ್ಟಿಗೇ ಕೊಟ್ಟಾಗ ತೀವ್ರ ರಕ್ತಸ್ರಾವ ಮತ್ತು ಅದರ ಕೆಟ್ಟ ಪರಿಣಾಮಗಳು 60% ಕಡಿಮೆಯಾದವು. ಒಂದು ಪ್ಲಾಸ್ಟಿಕ್ ಹಾಳೆ! ನನಗೆ ಓದಿ ಮೈ ಜುಂ ಅಂದಿತ್ತು.

ಕೊನೆಬೆಂಚು

ನಾನು ಎರಡನೇ ವರ್ಷದ ವಿದ್ಯಾರ್ಥಿನಿ. ನನ್ನ ಜೊತೆ ಕಲಿಯುತ್ತಿರುವವರಲ್ಲಿ ಒಬ್ಬರಿಗೆ 41 ವರ್ಷ, ಮೊದಲು ಶಾಲೆಯಲ್ಲಿ ಟೀಚರ್ ಆಗಿದ್ದರು. ಆದ್ದರಿಂದ ಅಕ್ಕಾ, ವಯಸ್ಸಿನ ಯೋಚನೆ ಬಿಟ್ಟುಬಿಡಿ. ಅಂತಾರಾಷ್ಟ್ರೀಯ ಮಿಡ್‌ವೈಫ್‌ಗಳ ಒಕ್ಕೂಟದ ಪ್ರಕಾರ ನೇರವಾಗಿ ಸೇರಿದರೆ ಕನಿಷ್ಠ 3 ವರ್ಷದ ಕಲಿಕೆ, ನರ್ಸಿಂಗ್ ಆಗಿದ್ದವರಿಗೆ ಕನಿಷ್ಠ 18 ತಿಂಗಳು. ನೀವಿರುವ ಕಡೆ ಯಾವ ದಾರಿ ಇದೆ, ಸೇರಲು ಯಾವ ವಿಷಯ ಓದಿರಬೇಕು ಅಂತ ಮೊದಲು ವಿಚಾರಿಸಿ. ಕೆಲವು ಕಡೆ ನರ್ಸಿಂಗ್ ಮುಗಿಸದೆ ಬಾಗಿಲೇ ತೆರೆಯುವುದಿಲ್ಲ.

ನನ್ನ ಅನುಭವ ಹೇಳುತ್ತೇನೆ. ಮೊದಲ ತಿಂಗಳು ನಮಗೆ ಮಗುವಿನ ಎದೆಬಡಿತ ಕೇಳುವ ಪಿನಾರ್ಡ್ ಕೊಳವೆ ಕೊಟ್ಟಿದ್ದರು. ಫ್ರಾನ್ಸಿನ ಅಡೋಲ್ಫ್ ಪಿನಾರ್ಡ್ 1895ರಲ್ಲಿ ಮಾಡಿದ್ದು, ಸಣ್ಣ ತುತ್ತೂರಿಯ ಹಾಗಿರುತ್ತದೆ. ಅಗಲದ ಬಾಯಿ ಹೊಟ್ಟೆಗೆ, ಇನ್ನೊಂದು ತುದಿ ನಮ್ಮ ಕಿವಿಗೆ, ಕೈ ಬಿಟ್ಟು ಕಿವಿಯಿಂದಲೇ ಒತ್ತಿ ಹಿಡಿಯಬೇಕು. ಮೂರು ವಾರ ನನಗೆ ಏನೂ ಕೇಳಿಸಲಿಲ್ಲ. ನನ್ನ ಹೊಟ್ಟೆಯ ಸದ್ದು, ತಾಯಿಯ ರಕ್ತದ ಬುಸ್ ಬುಸ್, ಅಷ್ಟೇ. ಎಲ್ಲರಿಗೂ ಕೇಳಿಸುತ್ತದೆ, ನನಗೆ ಮಾತ್ರ ಇಲ್ಲ ಅಂತ ಬಚ್ಚಲಲ್ಲಿ ನಿಂತು ಅತ್ತಿದ್ದೇನೆ. ನಮ್ಮ ಮೇಡಂ ಒಂದು ದಿನ ನನ್ನ ಎರಡೂ ಕೈ ಹಿಡಿದು ಹೊಟ್ಟೆಯ ಮೇಲಿಟ್ಟು, "ಮೊದಲು ಮಗುವಿನ ಬೆನ್ನು ಹುಡುಕು, ಕಿವಿ ಆಮೇಲೆ" ಅಂದರು. ಒಂದು ಪಕ್ಕ ಉದ್ದಕ್ಕೆ ನುಣ್ಣಗೆ ಗಟ್ಟಿಯಾಗಿ ಸಿಕ್ಕಿತು, ಇನ್ನೊಂದು ಪಕ್ಕ ಗುಬುಟು ಗುಬುಟಾಗಿ, ಅದು ಕೈಕಾಲು. ಬೆನ್ನಿನ ಕಡೆ ಕೊಳವೆ ಇಟ್ಟೆ. ದೂರದಲ್ಲಿ ಎಲ್ಲೋ ದಿಂಬಿನ ಕೆಳಗೆ ಗಡಿಯಾರ ಇಟ್ಟಂತೆ, ಟಿಕಿಟಿಕಿಟಿಕಿ. ನಾನು ಎಣಿಸುವುದನ್ನೂ ಮರೆತು ಹಾಗೇ ನಿಂತುಬಿಟ್ಟೆ.

ನನಗೆ ಇದು ನನ್ನ ಕೆಲಸ ಅಂತ ಗೊತ್ತಾದದ್ದು ಅವತ್ತು. ಹೆರಿಗೆ ನೋಡಿದ ದಿನ ಅಲ್ಲ.

ಜೊತೆಗಾತಿ

ಎಳೆಬಿಸಿಲು, ನೀವು ಡೌಲಾ ಕೆಲಸದ ಬಗ್ಗೆ ಯೋಚಿಸಿದ್ದೀರಾ? ನಾನು ಆರು ವರ್ಷದಿಂದ ಮಾಡುತ್ತಿದ್ದೇನೆ. ನಾವು ಎದೆಬಡಿತ ಕೇಳುವುದಿಲ್ಲ, ಒಳಪರೀಕ್ಷೆ ಮಾಡುವುದಿಲ್ಲ, ಮಗುವನ್ನು ಹಿಡಿಯುವುದಿಲ್ಲ, ಔಷಧಿ ಮುಟ್ಟುವುದಿಲ್ಲ. ತಾಯಿಯ ಪಕ್ಕ ಇರುತ್ತೇವೆ, ಶುರುವಿನಿಂದ ಕೊನೆಯವರೆಗೆ. ಪಾಳಿ ಬದಲಾದಾಗ ನರ್ಸ್ ಹೋಗುತ್ತಾರೆ, ಡಾಕ್ಟರ್ ಹೋಗುತ್ತಾರೆ, ನಾವು ಹೋಗುವುದಿಲ್ಲ. ಹೀಗೆ ಒಬ್ಬರು ಬಿಡದೆ ಜೊತೆಗಿದ್ದರೆ ಸಿಸೇರಿಯನ್ ಕಡಿಮೆಯಾಗುತ್ತದೆ, ಹೆರಿಗೆಯ ಹೊತ್ತೂ ಸ್ವಲ್ಪ ತಗ್ಗುತ್ತದೆ ಅಂತ ಹಲವು ಅಧ್ಯಯನ ಒಟ್ಟುಗೂಡಿಸಿ ನೋಡಿದ ಕೊಕ್ರೇನ್ ವರದಿ ಹೇಳುತ್ತದೆ. ಹೆರಿಗೆಯಲ್ಲಿ ತಾಯಿಗೆ ಬೇಕಾದವರೊಬ್ಬರು ಜೊತೆಗಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ.

ನಿಮ್ಮ ಬರಹದಲ್ಲಿ ನನಗೆ ಕಂಡದ್ದು ಡೌಲಾ ಮನಸ್ಸು. ವರ್ಷಗಟ್ಟಲೆ ಓದುವುದಕ್ಕೆ ಮುಂಚೆ ಒಮ್ಮೆ ಇದನ್ನು ಮಾಡಿ ನೋಡಿ.

ಸ್ಟೆತೋ

ಜೊತೆಗಾತಿ ಅವರೇ, ಡೌಲಾಗಳಿಂದ ಒಳ್ಳೆಯದಾಗಿದ್ದು ನೋಡಿದ್ದೇನೆ. ಆದರೆ ತಾಯಿ ಸುಮ್ಮನಿರುವಾಗ "ಅವರಿಗೆ ಅದು ಬೇಡ" ಅಂತ ಡೌಲಾ ಉತ್ತರ ಕೊಟ್ಟದ್ದನ್ನೂ ನೋಡಿದ್ದೇನೆ. ಮಗುವಿನ ಬಡಿತ 80ಕ್ಕೆ ಇಳಿದು ಮೇಲೆ ಬರುತ್ತಿಲ್ಲ ಅನ್ನುವಾಗ ನನಗೆ ತಾಯಿಯ ಬಾಯಿಂದ ಮಾತು ಬೇಕು.

ಜೊತೆಗಾತಿ

ಹಾಗೆ ಮಾಡಿದ್ದರೆ ಅದು ತಪ್ಪೇ. ನಾವು ತಾಯಿಯ ಪರವಾಗಿ ಮಾತಾಡುವವರಲ್ಲ, ಅವಳೇ ಮಾತಾಡಲು ಧೈರ್ಯ ಕೊಡುವವರು. ಆದರೆ ಸರ್, ನೀವೂ ಒಂದು ಒಪ್ಪಿಕೊಳ್ಳಿ. ನೋವಿನ ಮಧ್ಯದಲ್ಲಿ, ನಾಲ್ಕು ಜನ ಸುತ್ತ ನಿಂತಿರುವಾಗ, ಮಲಗಿದವಳನ್ನು "ಸರಿ ಅಲ್ವಾ?" ಅಂತ ಕೇಳಿದರೆ ಅವಳು ಏನು ಹೇಳಿಯಾಳು? ನೋವು ಇಳಿಯುವವರೆಗೆ ಒಂದು ನಿಮಿಷ ಕಾದು ಕೇಳಿ. ಅಷ್ಟೇ ನಾನು ಬೇಡುವುದು.

ಸ್ಟೆತೋ

ಒಪ್ಪಿದೆ. ಆ ನಿಮಿಷ ನನ್ನ ಹತ್ತಿರ ಇದ್ದರೆ ಖಂಡಿತ ಕಾಯುತ್ತೇನೆ.

ಪದಪ್ರೀತಿ

ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಕ್ಷಮಿಸಿ. ತಲೆಬರಹದಲ್ಲಿ "ಸೂಲಗಿತ್ತಿ" ಅಂತ ನೋಡಿ ಖುಷಿಯಾಯಿತು. "ಸೂಲು" ಅಂದರೆ ಹೆರಿಗೆ. ದನ ಎಮ್ಮೆಗೆ ಈಗಲೂ ಮೊದಲನೇ ಸೂಲು, ಎರಡನೇ ಸೂಲು ಅನ್ನುತ್ತೇವಲ್ಲ, ಅದೇ. ಮದುವಣಗಿತ್ತಿ, ಹೂವಾಡಗಿತ್ತಿ, ಓರಗಿತ್ತಿಯ ಸಾಲಿಗೆ ಸೇರುವ ಪದ. ಇಂಗ್ಲಿಷಿನ ಮಿಡ್‌ವೈಫ್ ಪದದಲ್ಲಿ "ಮಿಡ್" ಅಂದರೆ ನಡುವೆ ಅಂತ ಬಹಳ ಜನ ತಿಳಿದುಕೊಂಡಿದ್ದಾರೆ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ "ಜೊತೆಗೆ" ಅಂತ ಅರ್ಥ, "ವೈಫ್" ಅಂದರೆ ಬರೀ ಹೆಂಗಸು. ಹೆಂಗಸಿನ ಜೊತೆಗಿರುವವಳು ಅಂತ.

ಇನ್ನೊಂದು. ತತ್ವಜ್ಞಾನಿ ಸಾಕ್ರೆಟಿಸ್‌ನ ತಾಯಿ ಫೈನಾರೆಟೆ ಸೂಲಗಿತ್ತಿ. ತಾನೂ ತಾಯಿಯ ಕೆಲಸವನ್ನೇ ಮಾಡುತ್ತಿದ್ದೇನೆ, ತಾನು ಹೊರಗೆ ತರಿಸುವುದು ವಿಚಾರಗಳನ್ನು ಅಂತ ಅವನು ಹೇಳಿಕೊಳ್ಳುತ್ತಿದ್ದನಂತೆ.

ಎರಡುಮಕ್ಕಳಮ್ಮ

ಸೂಲಗಿತ್ತಿ ಅಂದರೆ ನನಗೆ ಮೊದಲು ನೆನಪಾಗುವುದು ನರಸಮ್ಮನವರು. ಶಾಲೆಯ ಓದಿಲ್ಲ, 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್‌ನಲ್ಲಿ ತೀರಿಕೊಂಡರು. ಓದಿಲ್ಲದವರು ಅಷ್ಟು ಮಾಡಿದಾಗ ಇಷ್ಟೆಲ್ಲ ವರ್ಷ ಓದಲೇಬೇಕಾ?

ಸ್ಟೆತೋ

ಅವರ ಬಗ್ಗೆ ನನಗೆ ತುಂಬಾ ಗೌರವ. ಆದರೆ ಓದು ಬೇಡ ಅನ್ನುವುದಕ್ಕೆ ಅವರನ್ನು ಉದಾಹರಣೆ ಮಾಡಬೇಡಿ. ಅವರ ಹಿಂದೆ ಎಷ್ಟೋ ವರ್ಷ ದೊಡ್ಡವರ ಪಕ್ಕ ಕೂತು ನೋಡಿ ಕಲಿತದ್ದು ಇತ್ತು. ಅದೂ ಓದೇ. ಕಲಿಯದೆ ಬಂದದ್ದಲ್ಲ.

ರಾತ್ರಿಪಾಳಿ

ಹೌದು. ಜೊತೆಗೆ ಕಲಿತವರೂ ಕಲಿಯದೆ ಉಳಿಯುವುದುಂಟು. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಆದದ್ದು ಗೊತ್ತಲ್ವಾ? ಅಲ್ಲಿ ಎರಡು ಹೆರಿಗೆ ವಿಭಾಗ. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ವಿದ್ಯಾರ್ಥಿಗಳ ವಿಭಾಗದಲ್ಲಿ ಬಾಣಂತಿ ಜ್ವರದಿಂದ ಸಾಯುವವರು ತುಂಬಾ ಜಾಸ್ತಿ. ಹೆಂಗಸರು ನಮ್ಮನ್ನು ಎರಡನೇ ವಿಭಾಗಕ್ಕೇ ಹಾಕಿ ಅಂತ ಅಂಗಲಾಚುತ್ತಿದ್ದರು. ಅಲ್ಲಿನ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಕಂಡುಹಿಡಿದದ್ದೇನು? ವಿದ್ಯಾರ್ಥಿಗಳು ಶವ ಕೊಯ್ದ ಕೈಯಲ್ಲೇ ನೇರ ಹೆರಿಗೆಗೆ ಬರುತ್ತಿದ್ದರು. ಕ್ಲೋರಿನ್ ಸುಣ್ಣದ ನೀರಲ್ಲಿ ಕೈ ತೊಳೆಸಿದ, ಸಾವು ಧಡಕ್ಕನೆ ಇಳಿಯಿತು. ಆದರೂ ದೊಡ್ಡ ದೊಡ್ಡ ವೈದ್ಯರು ಒಪ್ಪಲಿಲ್ಲ.

ಆದ್ದರಿಂದ ಸೂಲಗಿತ್ತಿ ದೊಡ್ಡವಳಾ ಡಾಕ್ಟರ್ ದೊಡ್ಡವರಾ ಅನ್ನುವ ಜಗಳ ನನಗೆ ಬೇಡ. ಕೈ ತೊಳೆದವರು ಯಾರು ಅಂತ ಮಾತ್ರ ನೋಡುತ್ತೇನೆ.

ಬೂದಿಬಣ್ಣ

ನಾನು ಏಳು ವರ್ಷ ಮಾಡಿ ಬಿಟ್ಟವಳು. ಯಾರೂ ಹೇಳದ ಒಂದು ಮಾತು ಹೇಳಬೇಕು.

ಸೆಳೆತ ನನಗೂ ಇತ್ತು. ನಿಮಗಿಂತ ಜಾಸ್ತಿ ಇತ್ತೋ ಏನೋ. ನಾನು ಇದ್ದ ಕಡೆ ಒಂದು ಪಾಳಿಗೆ ನಾವಿಬ್ಬರು, ನೋವಿನಲ್ಲಿ ಇರುವವರು ಏಳು ಜನ, ಕೆಲವು ದಿನ ಒಂಬತ್ತು. ಒಬ್ಬಳ ಕೈ ಹಿಡಿದರೆ ಇನ್ನೊಬ್ಬಳ ಎದೆಬಡಿತ ಕೇಳುವ ಹೊತ್ತು ದಾಟುತ್ತಿತ್ತು. ಕಿರುಚಿದವಳಿಗೆ ಬೈಯುವ ಹಿರಿಯರಿದ್ದರು. ತೊಡೆಗೆ ಹೊಡೆದದ್ದನ್ನೂ ನೋಡಿದ್ದೇನೆ. ಮೊದಲ ವರ್ಷ ನಾನು ಮನೆಗೆ ಬಂದು ಅಳುತ್ತಿದ್ದೆ. ಮೂರನೇ ವರ್ಷ ಅಳು ನಿಂತಿತು. ಐದನೇ ವರ್ಷ ಒಂದು ರಾತ್ರಿ, ಹತ್ತೊಂಬತ್ತು ವರ್ಷದ ಹುಡುಗಿ, ಮೊದಲನೇ ಹೆರಿಗೆ, ನನ್ನ ಬಟ್ಟೆ ಹಿಡಿದು ಎಳೆದಳು. ನಾನು ಅವಳ ಬೆರಳು ಒಂದೊಂದೇ ಬಿಡಿಸಿ "ಸುಮ್ನಿರು" ಅಂದೆ. ಅದೇ ದನಿ. ಯಾರ ದನಿ ಕೇಳಿ ನಾನು ಅಳುತ್ತಿದ್ದೆನೋ ಅದೇ ದನಿ ನನ್ನ ಬಾಯಿಂದ ಬಂತು.

ಅದಾದ ಮೇಲೂ ಎರಡು ವರ್ಷ ಮಾಡಿದೆ. ಆಮೇಲೆ ಬಿಟ್ಟೆ. ಕೆಲಸ ಕೆಟ್ಟದ್ದಲ್ಲ. ಕೆಲಸ ಮಾಡುವ ಜಾಗ ನೋಡಿಕೊಳ್ಳಿ. ಎಷ್ಟು ಜನ ತಾಯಂದಿರಿಗೆ ಎಷ್ಟು ಜನ ಮಿಡ್‌ವೈಫ್ ಅಂತ ಸೇರುವ ಮುಂಚೆ ಕೇಳಿ. ಉತ್ತರ ಕೊಡಲು ಹಿಂಜರಿದರೆ ಅಲ್ಲಿಗೆ ಹೋಗಬೇಡಿ.

ರಾತ್ರಿಪಾಳಿ

ಬೂದಿಬಣ್ಣ, ನಿಮ್ಮದನ್ನು ಎರಡು ಸಲ ಓದಿದೆ. ಬೆರಳು ಬಿಡಿಸಿದ ಮಾತು ಓದಿ ಎದ್ದು ಹೋಗಿ ನೀರು ಕುಡಿದು ಬಂದೆ. ನಾನೂ ಹಾಗೆ ಮಾಡಿದ ದಿನಗಳಿವೆ. ಪ್ರಪಂಚದಲ್ಲಿ ಇನ್ನೂ 9 ಲಕ್ಷ ಮಿಡ್‌ವೈಫ್‌ಗಳ ಕೊರತೆ ಇದೆ ಅಂತ 2021ರ ವಿಶ್ವಸಂಸ್ಥೆಯ ವರದಿಯಲ್ಲಿತ್ತು. ಆ ಕೊರತೆ ಕೊನೆಗೆ ಬಂದು ಬೀಳುವುದು ಇರುವವರ ಬೆನ್ನಿನ ಮೇಲೆ, ಅಲ್ಲಿಂದ ತಾಯಿಯ ಮೇಲೆ. ನೀವು ಬಿಟ್ಟದ್ದು ಸೋಲು ಅಂತ ದಯವಿಟ್ಟು ಅಂದುಕೊಳ್ಳಬೇಡಿ.

ಬೂದಿಬಣ್ಣ

ಯಾರೂ ಹೀಗೆ ಹೇಳಿರಲಿಲ್ಲ ಅಕ್ಕಾ. ಥ್ಯಾಂಕ್ಸ್.

ಹಿಂದಿನಸಾಲು

ಹೆತ್ತವಳಿಗೇ ಗೊತ್ತು ಹೆರುವ ನೋವು ಅಂತಾರೆ. ಮಕ್ಕಳಿಲ್ಲದವರು ಹೆರಿಗೆ ಮಾಡಿಸಿದರೆ ಅವರಿಗೆ ಆ ನೋವು ಅರ್ಥವಾಗುತ್ತದಾ? ಸಿಟ್ಟಾಗಬೇಡಿ, ನಿಜವಾಗಿ ಕೇಳುತ್ತಿದ್ದೇನೆ.

ಕೊನೆಬೆಂಚು

ಹಾಗಾದರೆ ಹಲ್ಲು ನೋವು ಬರದವರು ಹಲ್ಲಿನ ಡಾಕ್ಟರ್ ಆಗಬಾರದು.

ರಾತ್ರಿಪಾಳಿ

ಪ್ರಶ್ನೆ ತಪ್ಪೇನಲ್ಲ, ತುಂಬಾ ಜನ ಕೇಳುತ್ತಾರೆ. ನನಗೆ ಒಬ್ಬ ಮಗ ಇದ್ದಾನೆ. ಅವನು ಹುಟ್ಟಿದ ಮೇಲೆ ಒಂದು ವರ್ಷ ನಾನು ಮೊದಲಿಗಿಂತ ಕೆಟ್ಟ ಮಿಡ್‌ವೈಫ್ ಆಗಿದ್ದೆ. ಎಲ್ಲರಿಗೂ ನನ್ನ ಹೆರಿಗೆಯ ಹಾಗೇ ಆಗುತ್ತದೆ ಅಂದುಕೊಂಡಿದ್ದೆ. ನನಗೆ ಮಂಡಿಯೂರಿ ಕೂತಾಗ ಆರಾಮ ಅನ್ನಿಸಿತ್ತು, ಎಲ್ಲರಿಗೂ ಮಂಡಿಯೂರಿ ಅನ್ನುತ್ತಿದ್ದೆ. ಒಬ್ಬಾಕೆ "ನನಗೆ ಪಕ್ಕಕ್ಕೆ ತಿರುಗಿ ಮಲಗಬೇಕು, ನಿಮ್ಮದೇನು ಹಟ" ಅಂದಾಗ ಎಚ್ಚರವಾಯಿತು. ಮಕ್ಕಳಿಲ್ಲದವರಿಗೆ ಒಂದು ಅನುಕೂಲ ಇದೆ. ಅವರು ಕೇಳಿ ತಿಳಿದುಕೊಳ್ಳುತ್ತಾರೆ.

ಹೊಸಪಾಳಿ

ನಾನು ಗಂಡಸು, ಮಿಡ್‌ವೈಫ್. ಹಿಂದಿನಸಾಲು ಅವರ ಪ್ರಶ್ನೆ ನನಗೆ ದಿನಾ ಬರುತ್ತದೆ, ಇನ್ನೂ ಜೋರಾಗಿ. ಬ್ರಿಟನ್ನಿನಲ್ಲಿ 1983ರವರೆಗೆ ಗಂಡಸರಿಗೆ ಈ ಕೆಲಸಕ್ಕೆ ಕಾನೂನಿನ ತಡೆಯೇ ಇತ್ತು. ನಾನು ಕೋಣೆಗೆ ಹೋಗುವ ಮೊದಲು ಬಾಗಿಲಲ್ಲಿ ನಿಂತು ತಾಯಿಯನ್ನು ಕೇಳುತ್ತೇನೆ. ಬೇಡ ಅಂದರೆ ಇನ್ನೊಬ್ಬರನ್ನು ಕಳಿಸುತ್ತೇನೆ, ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ಬಾಗಿಲಲ್ಲಿ ನಿಂತು ಕೇಳುವುದು ನನ್ನಿಂದ ನಮ್ಮ ವಾರ್ಡಿನಲ್ಲಿ ಎಲ್ಲರಿಗೂ ರೂಢಿಯಾಯಿತು. ಈಗ ಹೆಂಗಸರೂ ಕೇಳಿಯೇ ಒಳಗೆ ಹೋಗುತ್ತಾರೆ.

ಎರಡುಮಕ್ಕಳಮ್ಮ

ಇದು ಎಲ್ಲ ಕಡೆ ಆಗಬೇಕು ಅಣ್ಣಾ.

ಯಂತ್ರಮಿತ್ರ

ಈಗೆಲ್ಲ ಎದೆಬಡಿತದ ಗ್ರಾಫ್ ಬರುವ ಯಂತ್ರ ಇರುವಾಗ ಕಿವಿಯಿಟ್ಟು ಕೇಳುವುದು, ಗಡಿಯಾರ ನೋಡುವುದು ಯಾಕೆ? ಯಂತ್ರಕ್ಕೆ ತಪ್ಪುವುದಿಲ್ಲ, ನಿದ್ದೆ ಬರುವುದಿಲ್ಲ.

ಸ್ಟೆತೋ

ಸಿಟಿಜಿ ಬಗ್ಗೆ ಕೇಳುತ್ತಿದ್ದೀರಿ. ತೊಂದರೆ ಇರುವ ಹೆರಿಗೆಯಲ್ಲಿ ನಾನೂ ಅದನ್ನೇ ಹಾಕುತ್ತೇನೆ. ಆದರೆ ಏನೂ ತೊಂದರೆ ಇಲ್ಲದವರಿಗೆ ಶುರುವಿನಿಂದ ಅದನ್ನು ಕಟ್ಟಿಟ್ಟರೆ ಸಿಸೇರಿಯನ್ ಜಾಸ್ತಿಯಾಗುತ್ತದೆ, ಮಕ್ಕಳ ಸಾವು ಕಡಿಮೆಯಾದದ್ದು ಕಂಡುಬಂದಿಲ್ಲ. ನವಜಾತ ಶಿಶುವಿಗೆ ಫಿಟ್ಸ್ ಬರುವುದು ಕಡಿಮೆಯಾಗುತ್ತದೆ, ಅದನ್ನೂ ಹೇಳಬೇಕು. ಅಂಥವರಿಗೆ ಮೊದಲ ಹಂತದಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ, ಮುಕ್ಕುವ ಹೊತ್ತಿನಲ್ಲಿ 5 ನಿಮಿಷಕ್ಕೊಮ್ಮೆ, ಒಂದು ಪೂರ್ತಿ ನಿಮಿಷ ಕೇಳಿದರೆ ಸಾಕು. ಆದರೆ ಹಾಗೆ ಕೇಳಲು ಪಕ್ಕದಲ್ಲಿ ಮನುಷ್ಯರು ಇರಬೇಕು. ಬೂದಿಬಣ್ಣ ಹೇಳಿದ ಕಡೆ, ಇಬ್ಬರಿಗೆ ಒಂಬತ್ತು ಜನ ಇರುವಲ್ಲಿ, ಯಾರು ಕೇಳುತ್ತಾರೆ?

ಯಂತ್ರಮಿತ್ರ

ಇದು ನನಗೆ ಗೊತ್ತಿರಲಿಲ್ಲ. ಯಂತ್ರ ಇದ್ದರೆ ಒಳ್ಳೆಯದೇ ಅಂದುಕೊಂಡಿದ್ದೆ.

ಕಿರುದೀಪ

ಇಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ನನ್ನ ಮಗಳು ಹುಟ್ಟುವ ಮೊದಲೇ ಹೋಗಿಬಿಟ್ಟಿದ್ದಳು. 37 ವಾರ. ಎದೆಬಡಿತ ಇಲ್ಲ ಅಂತ ಗೊತ್ತಾದ ಮೇಲೂ ಹೆರಲೇಬೇಕಾಗಿತ್ತು, ಪೂರ್ತಿ ನೋವು ತಿಂದು. ಅವತ್ತು ನನ್ನ ಜೊತೆ ಇದ್ದ ಮಿಡ್‌ವೈಫ್ ಚಿಕ್ಕ ವಯಸ್ಸಿನವಳು. ಮಗು ಹೊರಗೆ ಬಂದಾಗ ಕೋಣೆಯಲ್ಲಿ ಸದ್ದೇ ಇಲ್ಲ. ಅವಳು ಮಗುವನ್ನು ಅವಸರದಲ್ಲಿ ಸುತ್ತಿ ಕೊಂಡೊಯ್ಯಲಿಲ್ಲ. ಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ, ಕಿವಿಯ ಹಿಂದೆ, ಕತ್ತಿನ ಮಡಿಕೆಯಲ್ಲಿ, ಬೆರಳ ಸಂದಿಯಲ್ಲಿ, ಬದುಕಿರುವ ಮಗುವನ್ನು ಒರೆಸುವ ಹಾಗೆಯೇ ಒರೆಸಿದಳು. ತಲೆಗೆ ಕೈ ಆನಿಸಿಯೇ ಎತ್ತಿದಳು. "ಹೆಸರು ಇಟ್ಟಿದ್ದೀರಾ?" ಅಂತ ಕೇಳಿದಳು. ಹೇಳಿದೆ. ಆಮೇಲೆ ಅವಳು ನನ್ನ ಮಗಳನ್ನು ಆ ಹೆಸರಿನಲ್ಲೇ ಕರೆದಳು. ಆ ಹೆಸರು ಬೇರೆಯವರ ಬಾಯಲ್ಲಿ ನಾನು ಕೇಳಿದ್ದು ಅವತ್ತು ಮಾತ್ರ.

ಎಳೆಬಿಸಿಲು, ಆ ಕೋಣೆಯಲ್ಲೂ ಇರಲು ನಿಮಗೆ ಮನಸ್ಸಿದ್ದರೆ ಹೋಗಿ. ದಯವಿಟ್ಟು ಹೋಗಿ.

ಕೊನೆಬೆಂಚು

ಕಿರುದೀಪ ಅಕ್ಕಾ, ಏನು ಬರೆಯಲೂ ತೋಚುತ್ತಿಲ್ಲ. ತಲೆಗೆ ಕೈ ಆನಿಸುವುದು ನಾನು ಮರೆಯುವುದಿಲ್ಲ.

ರಾತ್ರಿಪಾಳಿ

ಕಿರುದೀಪ, ಬರೆದದ್ದು ಒಳ್ಳೆಯದಾಯಿತು. ಆ ಹುಡುಗಿಯೂ ನಿಮ್ಮ ಮಗಳ ಹೆಸರು ಮರೆತಿರುವುದಿಲ್ಲ, ನನ್ನ ಮಾತು ನಂಬಿ. ನನಗೆ ನನ್ನವು ಹದಿಮೂರೂ ನೆನಪಿವೆ.

ಎಳೆಬಿಸಿಲು

ಎಲ್ಲರ ಉತ್ತರವನ್ನೂ ಓದಿದೆ. ಎರಡು ದಿನ ಏನೂ ಬರೆಯಲಾಗಲಿಲ್ಲ.

ರಾತ್ರಿಪಾಳಿ ಅಕ್ಕಾ, ನಿಮ್ಮ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಮಗು ಹುಟ್ಟಿದ ಗಳಿಗೆ ನನಗೆ ಅಷ್ಟಾಗಿ ನೆನಪೇ ಇಲ್ಲ, ಫೋಟೋ ನೋಡಿದರೆ ನೆನಪಾಗುತ್ತದೆ. ನನಗೆ ಪದೇ ಪದೇ ಕಣ್ಣ ಮುಂದೆ ಬರುವುದು ಮೂರು ಗಂಟೆ. ನಾನು ಬಾಗಿಲಿಗೆ ಓಡಿದೆ, ಆಕೆ ಕೂತೇ ಇದ್ದರು. ಯಾಕೆ ನಾನು ಓಡಿದೆ, ಯಾಕೆ ಅವರು ಓಡಲಿಲ್ಲ, ಅದನ್ನೇ ಎಂಟು ತಿಂಗಳಿಂದ ಯೋಚಿಸುತ್ತಿದ್ದೇನೆ. ಅವರಿಗೆ ಏನೋ ಗೊತ್ತಿತ್ತು, ಅದು ನನಗೂ ಗೊತ್ತಾಗಬೇಕು. ಜೊತೆಗಾತಿ ಅವರೇ, ಅದಕ್ಕೇ ಡೌಲಾ ಕೆಲಸ ನನಗೆ ಪೂರ್ತಿ ಸಾಲದು ಅನ್ನಿಸುತ್ತದೆ. ಆದರೆ ಶುರು ಅಲ್ಲಿಂದಲೇ ಮಾಡುತ್ತೇನೆ.

ಬೂದಿಬಣ್ಣ ಅವರ ಮಾತಿನಂತೆ ಮೊದಲು ಫೋನ್ ಮಾಡಿ "ಎಷ್ಟು ಜನಕ್ಕೆ ಎಷ್ಟು ಮಿಡ್‌ವೈಫ್" ಅಂತ ಕೇಳಿದೆ. ಮೂರು ಕಡೆ. ಎರಡು ಕಡೆ ಹಿಂಜರಿದರು. ಮೂರನೆಯ ಕಡೆ ಸರಿಯಾಗಿ ಉತ್ತರ ಕೊಟ್ಟರು. ಅಲ್ಲಿ ಒಬ್ಬಂಟಿಯಾಗಿ ಬರುವ ಹೆಂಗಸರ ಜೊತೆಗಿರಲು ಜನ ಬೇಕಂತೆ. ಮೊದಲು ತರಬೇತಿ ಕೊಡುತ್ತಾರೆ, ಆಮೇಲೆ ವಾರಕ್ಕೆ ಎರಡು ರಾತ್ರಿ. ಒಪ್ಪಿಕೊಂಡೆ. ಈಗಿನ ಕೆಲಸ ಸದ್ಯಕ್ಕೆ ಬಿಡುವುದಿಲ್ಲ. ಆರು ತಿಂಗಳು ನೋಡಿ ಆಮೇಲೆ ಕೋರ್ಸಿಗೆ ಅರ್ಜಿ ಹಾಕುತ್ತೇನೆ.

ಕಿರುದೀಪ ಅಕ್ಕಾ, ಆ ಕೋಣೆಯಲ್ಲಿ ಇರಲು ನನಗೆ ಆಗುತ್ತದಾ ಗೊತ್ತಿಲ್ಲ. ಇರಬೇಕು ಅಂತ ಮಾತ್ರ ಇದೆ.

ಕಿರುದೀಪ

ಅಷ್ಟು ಸಾಕು.

ಬೂದಿಬಣ್ಣ

ಸರಿಯಾಗಿ ಉತ್ತರ ಕೊಟ್ಟ ಜಾಗದ ಹೆಸರು ನನಗೆ ಖಾಸಗಿಯಾಗಿ ಕಳಿಸುತ್ತೀರಾ? ಸುಮ್ನೆ, ತಿಳಿದುಕೊಳ್ಳಲು.

ರಾತ್ರಿಪಾಳಿ

ಕಳಿಸಿ ಎಳೆಬಿಸಿಲು, ತಡ ಮಾಡಬೇಡಿ.

ಮೊದಲ ರಾತ್ರಿಗೆ ಹೋಗುವಾಗ ಉಗುರು ಪೂರ್ತಿ ಕತ್ತರಿಸಿಕೊಳ್ಳಿ. ಉಂಗುರ ಬಳೆ ಮನೆಯಲ್ಲೇ ಬಿಡಿ. ನಡೆದರೆ ಸದ್ದಾಗದ ಚಪ್ಪಲಿ ಹಾಕಿ. ಕೈ ಮೊಣಕೈವರೆಗೆ ತೊಳೆಯಬೇಕಾಗುತ್ತದೆ, ಆದ್ದರಿಂದ ಮುಂಗೈಗೆ ಗಡಿಯಾರ ಬೇಡ. ಸೆಕೆಂಡಿನ ಮುಳ್ಳಿರುವ, ಎದೆಗೆ ಸಿಕ್ಕಿಸುವ ಗಡಿಯಾರ ತೆಗೆದುಕೊಳ್ಳಿ. ಅದನ್ನು ತಲೆಕೆಳಗಾಗಿ ಸಿಕ್ಕಿಸಬೇಕು. ಎದುರಿನವರಿಗೆ ತಿರುಗುಮುರುಗಾಗಿ ಕಾಣುತ್ತದೆ, ತಲೆ ಬಗ್ಗಿಸಿದರೆ ನಮಗೆ ನೆಟ್ಟಗೆ ಕಾಣುತ್ತದೆ. ಎರಡೂ ಕೈ ತಾಯಿಯ ಮೇಲೇ ಇರುತ್ತವೆ.

ಎಳೆಬಿಸಿಲು

ಅವತ್ತು ಅವರ ಎದೆಯ ಮೇಲಿದ್ದ ಗಡಿಯಾರ ತಲೆಕೆಳಗಾಗಿತ್ತು. ಅವಸರದಲ್ಲಿ ತಪ್ಪಾಗಿ ಸಿಕ್ಕಿಸಿದ್ದಾರೆ ಅಂದುಕೊಂಡಿದ್ದೆ.